ಹೋಲಿದರೆ ಸಾಲದು, ಕೂರಬೇಕು: ಇಸ್ರೊ ಅಧ್ಯಕ್ಷರಿಗೆ ಪೀಣ್ಯದ ಟರ್ನರ್ ಒಬ್ಬನ ಬಹಿರಂಗ ಪತ್ರ

ಇವರಿಗೆ,
ಡಾ. ವಿ. ನಾರಾಯಣನ್ ಅವರು,
ಅಧ್ಯಕ್ಷರು, ಇಸ್ರೊ ಹಾಗೂ ಕಾರ್ಯದರ್ಶಿಗಳು, ಬಾಹ್ಯಾಕಾಶ ಇಲಾಖೆ,
ಅಂತರಿಕ್ಷ ಭವನ, ಬೆಂಗಳೂರು

ಮಾನ್ಯರೇ,

2025ರ ಜನವರಿ 16ರ ಬೆಳಿಗ್ಗೆ ಪೀಣ್ಯದ ನನ್ನ ಶೆಡ್ಡಿನಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ ಮೂರನ್ನೂ ನಿಲ್ಲಿಸಿ ನಾವು ಐದು ಜನ ಒಂದೇ ಮೊಬೈಲಿಗೆ ಮುಖವಿಟ್ಟು ನಿಂತಿದ್ದೆವು. ನಿಮ್ಮ ಸಂಸ್ಥೆಯ ಎರಡು ಪುಟ್ಟ ಉಪಗ್ರಹಗಳು, ತಲಾ 220 ಕಿಲೊ ತೂಕದವು, ಆಕಾಶದಲ್ಲಿ ಒಂದನ್ನೊಂದು ಹಿಡಿದುಕೊಂಡ ಸುದ್ದಿ ಬಂತು. ಅದಕ್ಕೆ ಹಿಂದಿನ ವಾರವೆಲ್ಲ ಇಂದು, ನಾಳೆ ಎಂದು ಮುಂದಕ್ಕೆ ಹೋಗುತ್ತಿದ್ದ ಕೆಲಸ ಅದು. 12ನೇ ತಾರೀಖು ಮೂರು ಮೀಟರ್ ಹತ್ತಿರಕ್ಕೆ ಬಂದು, ಮುಖ ನೋಡಿಕೊಂಡು, ಮತ್ತೆ ಹಿಂದೆ ಸರಿದಿದ್ದವು. 'ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು, ಇನ್ನು ಮುಹೂರ್ತವಷ್ಟೇ' ಎಂದು ನಮ್ಮ ಹುಡುಗನೊಬ್ಬ ತಮಾಷೆ ಮಾಡಿದ್ದ. ಮುಹೂರ್ತ ಕೂಡಿಬಂದ ದಿನ ನಾನು ಎಲ್ಲರಿಗೂ ಬೋಂಡಾ ತರಿಸಿದೆ. ಪಕ್ಕದ ಶೆಡ್ಡಿನವರಿಗೂ ಕಳಿಸಿದೆ. ಅವರು ನಮ್ಮ ಪ್ರತಿ ಕೊಟೇಶನ್ನಿಗಿಂತ ಐದು ರೂಪಾಯಿ ಕಡಿಮೆ ಬರೆಯುವವರು. ಆದರೂ ಕಳಿಸಿದೆ.

ಟಿವಿಯವರು 'ನಾಲ್ಕನೇ ದೇಶ, ನಾಲ್ಕನೇ ದೇಶ' ಎಂದು ದಿನವಿಡೀ ಕೂಗಿದರು. ರಷ್ಯಾ, ಅಮೆರಿಕ, ಚೀನಾ ಬಿಟ್ಟರೆ ನಾವೇ. ಹೆಮ್ಮೆಯ ವಿಷಯ, ಎರಡು ಮಾತಿಲ್ಲ. ಆದರೆ ಎಷ್ಟನೆಯವರು ಎಂದು ಎಣಿಸುವುದು ನನ್ನ ಕಸುಬಲ್ಲ. ಎರಡು ಭಾಗ ಸೇರಿದವು ಎಂದರೆ ಟರ್ನರ್ ಕೇಳುವುದು ಒಂದೇ ಪ್ರಶ್ನೆ: ಯಾವ ಅಳತೆಗೆ? ಅದಕ್ಕೆ ಉತ್ತರ ಹುಡುಕಲು ಅಂದು ರಾತ್ರಿ ನಿಮ್ಮ ಸಂಸ್ಥೆ ಸ್ಪೇಡೆಕ್ಸ್ ಎಂಬ ಈ ಜೋಡಣೆಯ ಪ್ರಯೋಗದ ಬಗ್ಗೆ ಹೊರತಂದ ಕಿರುಹೊತ್ತಿಗೆಯನ್ನು ಮಗಳ ಸಹಾಯದಿಂದ ಓದಿದೆ. ಜೋಡಣೆಯ ಉಂಗುರದ ವ್ಯಾಸ 450 ಮಿಲಿಮೀಟರ್. ಎರಡು ಮೋಟಾರ್. ಸೆಕೆಂಡಿಗೆ ಹತ್ತು ಮಿಲಿಮೀಟರಿನಷ್ಟು ನಿಧಾನವಾಗಿ ಹತ್ತಿರ ಬರುವ ಏರ್ಪಾಡು. ನಮ್ಮ ಲೇತಿನ ಟೂಲ್ ಕೆಲವೊಮ್ಮೆ ಇದಕ್ಕಿಂತ ಬೇಗ ಚಲಿಸುತ್ತದೆ. ಬೇರೆ ದೇಶಗಳು ಮಾನವಸಹಿತ ಯಾನಗಳಿಗೆ ಬಳಸುವ ಅಂತರರಾಷ್ಟ್ರೀಯ ಡಾಕಿಂಗ್ (ನೌಕೆಗಳ ಜೋಡಣೆ) ಮಾನದಂಡದಲ್ಲಿ 800 ಮಿಲಿಮೀಟರ್, 24 ಮೋಟಾರ್ ಎಂಬ ಹೋಲಿಕೆಯೂ ಅಲ್ಲಿತ್ತು. ನಮ್ಮ ವ್ಯವಸ್ಥೆಯ ಪರಿಕಲ್ಪನೆ ಅದನ್ನು 'ಹೋಲುತ್ತದೆ' ಎಂಬ ಅರ್ಥದ ಮಾತಿತ್ತು.

ಆ ಒಂದು ಮಾತಿಗಾಗಿ ಈ ಪತ್ರ.

ನನ್ನ ಕೈಯಲ್ಲಿ ಈಗ ಎರಡು ಬೋಲ್ಟ್‌ಗಳಿವೆ. ಒಂದು ಅರ್ಧ ಇಂಚಿನದು, ಇನ್ನೊಂದು 12 ಮಿಲಿಮೀಟರಿನದು. ಕನ್ನಡಕವಿಲ್ಲದೆ ನೋಡಿದರೆ ಅವಳಿ ಜವಳಿ. ವ್ಯತ್ಯಾಸ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. 12ರ ಬೋಲ್ಟನ್ನು ಅರ್ಧ ಇಂಚಿನ ನಟ್ಟಿಗೆ ಹಾಕಿ ತಿರುಗಿಸಿದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಎಂದು ಕೈ ಹೇಳುತ್ತದೆ. ಕೂತಿರುವುದಿಲ್ಲ. ಎಳೆಯ ಮೇಲೆ ಎಳೆ ಹತ್ತಿ ಸಿಕ್ಕಿಕೊಂಡಿರುತ್ತದೆ, ಅಷ್ಟೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಖಾನೆಯಲ್ಲಿ ಹೊರದೇಶದಿಂದ ಬಂದ ಹಳೆಯ ಯಂತ್ರವೊಂದಕ್ಕೆ ಹೀಗೆ ಬೋಲ್ಟ್ ಬಿಗಿದವನು ನಾನೇ. ಮೂರನೇ ದಿನ ಎತ್ತುವಾಗ ಎಳೆ ಕಿತ್ತು ಬಂತು. ಕೆಳಗೆ ಯಾರೂ ಇರಲಿಲ್ಲ ಎನ್ನುವುದು ನನ್ನ ಪುಣ್ಯ. ಮೇಸ್ತ್ರಿ ಬೈಯಲಿಲ್ಲ. ಆ ನಟ್ಟನ್ನು ನನ್ನ ಕೈಗೆ ಕೊಟ್ಟು 'ಇಟ್ಟುಕೋ' ಎಂದರು. ನಲವತ್ತು ವರ್ಷವಾಯಿತು, ಇಟ್ಟುಕೊಂಡಿದ್ದೇನೆ. ಅಂದಿನಿಂದ 'ಹೋಲುತ್ತದೆ' ಎಂಬ ಪದ ಕೇಳಿದರೆ ನನಗೆ ಆಗಿಬರುವುದಿಲ್ಲ.

ಈ ವಿಷಯವನ್ನು ಪೀಣ್ಯದಿಂದ ಬರೆಯಲು ನನಗೆ ಸ್ವಲ್ಪ ಹಕ್ಕೂ ಇದೆ ಎಂದುಕೊಂಡಿದ್ದೇನೆ. ನಮ್ಮ ಮೊದಲ ಉಪಗ್ರಹ ಆರ್ಯಭಟ ಹುಟ್ಟಿದ್ದು ಇಲ್ಲಿಯ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್ ಅವರು ಶೀಟು ಹೊದಿಸಿದ ಕಟ್ಟಡಗಳಲ್ಲಿ ಹುಡುಗರನ್ನು ಕಟ್ಟಿಕೊಂಡು 360 ಕಿಲೊದ ಆ ಗೋಲವನ್ನು ಮಾಡಿದರು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪೂಸ್ತಿನ್ ಯಾರ್‌ನಿಂದ ಅವರ ರಾಕೆಟ್ಟೇ ಅದನ್ನು ಹೊತ್ತೊಯ್ದಿತು. ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಹಳ ವರ್ಷ ಇತ್ತು. ನನ್ನ ಮೊದಲ ಸಂಬಳದ ಕಟ್ಟಿನಲ್ಲೂ ಇತ್ತು. ಪೀಣ್ಯದ ಶೆಡ್ಡಿನ ವಸ್ತು ರಷ್ಯಾದ ರಾಕೆಟ್ಟಿನ ತಲೆಯ ಮೇಲೆ ಕೂತಿತು ಎಂದರೆ ಎರಡು ದೇಶದವರು ಯಾವುದೋ ಒಂದು ಮೇಜಿನ ಸುತ್ತ ಕುಳಿತು, ಈ ರಂಧ್ರ ಇಲ್ಲಿ, ಈ ಬೋಲ್ಟ್ ಇಷ್ಟು ಎಂದು ಅಳತೆ ಒಪ್ಪಿಕೊಂಡಿದ್ದರು ಎಂದೇ ಅರ್ಥ. ಪ್ರಧಾನಿಗಳ ಭಾಷಣದಲ್ಲಿ ಅದು ಸ್ನೇಹ ಎನಿಸಿಕೊಂಡಿತು. ಮೇಜಿನ ಸುತ್ತ ಕೂತವರಿಗೆ ಅದು ಅಳತೆ.

ಅದೇ ವರ್ಷ ಮೂರು ತಿಂಗಳ ನಂತರ ನಡೆದ ಇನ್ನೊಂದು ಜೋಡಣೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮಗೆ ಗೊತ್ತಿರುವ ಕಥೆಯೇ. ಆದರೆ ಪತ್ರ ಬಹಿರಂಗವಾದ್ದರಿಂದ ಓದುವವರೆಲ್ಲ ರಾಕೆಟ್ ಎಂಜಿನಿಯರುಗಳಲ್ಲ.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಆಗ ಒಬ್ಬರ ತಲೆಗೆ ಒಬ್ಬರು ಕ್ಷಿಪಣಿ ಗುರಿಯಿಟ್ಟು ಕೂತಿದ್ದ ಕಾಲ. ಚಂದ್ರನ ಓಟದಲ್ಲಿ ಒಬ್ಬರು ಗೆದ್ದು, ಇನ್ನೊಬ್ಬರು ತಾವು ಓಡಲೇ ಇಲ್ಲ ಎನ್ನುತ್ತಿದ್ದರು. ಹೀಗಿದ್ದೂ 1970ರಲ್ಲೇ ಎರಡೂ ಕಡೆಯ ಎಂಜಿನಿಯರುಗಳು ಮಾಸ್ಕೋದಲ್ಲಿ ಭೇಟಿಯಾದರು. 1972ರ ಮೇ ತಿಂಗಳಲ್ಲಿ ನಿಕ್ಸನ್ ಮತ್ತು ಕೊಸಿಗಿನ್ ಒಪ್ಪಂದಕ್ಕೆ ಸಹಿ ಹಾಕಿದರು. ಅಮೆರಿಕದ ಅಪೊಲೊ ನೌಕೆ, ಸೋವಿಯತ್ತಿನ ಸೋಯುಜ್ ನೌಕೆ ಎರಡೂ ಮೇಲೆ ಹೋಗಿ ಸೇರಬೇಕು. ನಾಳೆ ಒಬ್ಬರಿಗೆ ಕಷ್ಟ ಬಂದರೆ ಇನ್ನೊಬ್ಬರು ಬಾಗಿಲು ತೆರೆಯಲು ಸಾಧ್ಯವಾಗಬೇಕು.

ತೊಡಕು ಬಂದದ್ದು ಬಾಗಿಲಲ್ಲೇ. ಆವರೆಗಿನ ಎಲ್ಲ ಜೋಡಣೆಗಳೂ ನಮ್ಮ ಕಸುಬಿನ ಗಂಡು-ಹೆಣ್ಣು ಲೆಕ್ಕದವು. ಒಂದು ನೌಕೆಯ ಮೂತಿಯಲ್ಲಿ ಚಾಚಿಕೊಂಡ ಕೋಲು, ಇನ್ನೊಂದರಲ್ಲಿ ಆಲಿಕೆಯಂಥ ಗುಳಿ. ಕೋಲು ಗುಳಿಗೆ ಇಳಿಯಬೇಕು. ಎರಡು ಮಹಾ ದೇಶಗಳು, ಇಬ್ಬರೂ ಗಂಡಿನ ಕಡೆಯವರೇ. ಹೆಣ್ಣಿನ ಕಡೆಯವರಾಗಿ ಕೈಕಟ್ಟಿ ನಿಲ್ಲಲು ಯಾರೂ ತಯಾರಿಲ್ಲ. ನಗಬೇಡಿ, ನಮ್ಮ ಛತ್ರಗಳಲ್ಲಿ ಇದಕ್ಕಿಂತ ಚಿಕ್ಕ ಕಾರಣಕ್ಕೆ ಮದುವೆ ನಿಂತಿವೆ. ಆ ಜಿದ್ದಿನಿಂದಲೂ, ಯಾವ ನೌಕೆ ಯಾವ ನೌಕೆಯನ್ನಾದರೂ ಹಿಡಿಯಬೇಕು ಎಂಬ ಅಗತ್ಯದಿಂದಲೂ ಹೊಸದೊಂದು ಹುಟ್ಟಿತು. ಸೋವಿಯತ್ ಕಡೆಯ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಮತ್ತು ಅಮೆರಿಕದ ಎಂಜಿನಿಯರುಗಳು ಸೇರಿ ಕೋಲೂ ಇಲ್ಲದ, ಗುಳಿಯೂ ಇಲ್ಲದ ಬಾಗಿಲು ಮಾಡಿದರು. ಎರಡೂ ಕಡೆ ಒಂದೇ ಬಗೆಯ ಉಂಗುರ. ಉಂಗುರಕ್ಕೆ ಮೂರು ದಳ. ಕೈಬೆರಳುಗಳನ್ನು ಹೆಣೆದಂತೆ ಇದರ ದಳಗಳು ಅದರ ಸಂದಿಗೆ, ಅದರವು ಇದರ ಸಂದಿಗೆ. ಯಾರು ಬೇಕಾದರೂ ಮುಂದೆ ಬಂದು ಹಿಡಿಯಬಹುದು, ಯಾರು ಬೇಕಾದರೂ ಸುಮ್ಮನೆ ನಿಲ್ಲಬಹುದು.

ನನ್ನಂಥವನಿಗೆ ಮೈ ಜುಮ್ಮೆನ್ನಿಸುವ ಸಂಗತಿ ಇನ್ನೊಂದಿದೆ. ಉಂಗುರ ತಾಗಿದಾಗ ಆಗುವ ಹೊಡೆತವನ್ನು ತಡೆದುಕೊಳ್ಳುವ ಏರ್ಪಾಡು ಎರಡೂ ಕಡೆ ಬೇರೆ ಬೇರೆ. ಅಮೆರಿಕದವರದು ಹೈಡ್ರಾಲಿಕ್, ಎಣ್ಣೆಯ ಒತ್ತಡದ್ದು. ರಷ್ಯನ್ನರದು ವಿದ್ಯುತ್ ಮತ್ತು ಗಿಯರುಗಳದ್ದು. ಒಳಗಡೆ ಅವರವರ ಪಾಕ ಅವರವರದೇ. ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಇಣುಕಬೇಕಾಗಿ ಬರಲಿಲ್ಲ. ಒಪ್ಪಿಕೊಂಡದ್ದು ಮುಖವನ್ನು ಮಾತ್ರ: ಉಂಗುರದ ಅಳತೆ, ದಳದ ಕೋನ, ಚಿಲಕ ಎಲ್ಲಿ ಬೀಳಬೇಕು ಎಂಬುದು. ಒಳಗಿನ ಗಾಳಿಯೂ ಬೇರೆ ಬೇರೆಯೇ. ಅಪೊಲೊದಲ್ಲಿ ಕಡಿಮೆ ಒತ್ತಡದ ಶುದ್ಧ ಆಮ್ಲಜನಕ, ಸೋಯುಜ್‌ನಲ್ಲಿ ನಮ್ಮ ಉಸಿರಾಟದಂಥ ಗಾಳಿ. ನಡುವೆ ಒಂದು ಪಡಸಾಲೆಯನ್ನೇ ಕಟ್ಟಿ, ಅಲ್ಲಿ ಒತ್ತಡ ಸರಿಹೊಂದಿಸಿಕೊಂಡು ದಾಟುವಂತೆ ಮಾಡಿದರು.

1975ರ ಜುಲೈ 17ರಂದು ಎರಡೂ ಸೇರಿದವು. ಅಮೆರಿಕದ ಗಗನಯಾತ್ರಿ ಸ್ಟ್ಯಾಫರ್ಡ್ ರಷ್ಯನ್ ಮಾತಾಡಿದರು, ರಷ್ಯಾದ ಲಿಯೊನೊವ್ ಇಂಗ್ಲಿಷ್ ಮಾತಾಡಿದರು; ಕೇಳುವವನ ಭಾಷೆಯಲ್ಲಿ ಮಾತಾಡಿದರೆ ತಪ್ಪು ಕಡಿಮೆ ಎಂದು ಮೊದಲೇ ಮಾಡಿಕೊಂಡ ಏರ್ಪಾಡು. ಸ್ಟ್ಯಾಫರ್ಡರ ಊರು ಒಕ್ಲಹೋಮ. ಅವರ ಎಳೆದ ಉಚ್ಚಾರಣೆ ಕೇಳಿ ಲಿಯೊನೊವ್, ಇಲ್ಲಿ ನಡೆಯುತ್ತಿರುವುದು ಮೂರು ಭಾಷೆ, ರಷ್ಯನ್, ಇಂಗ್ಲಿಷ್ ಮತ್ತು ಒಕ್ಲಹೋಮ್‌ಸ್ಕಿ ಎಂದು ಛೇಡಿಸಿದರು. ಬೀಟ್‌ರೂಟ್ ಸಾರಿನ ಟ್ಯೂಬುಗಳಿಗೆ ವೋಡ್ಕಾ ಚೀಟಿ ಅಂಟಿಸಿ ಅತಿಥಿಗಳಿಗೆ ಕೊಟ್ಟವರೂ ಅವರೇ. ಎರಡು ದಿನ ಬಿಟ್ಟು ನೌಕೆಗಳು ಬೇರ್ಪಟ್ಟು ಮತ್ತೊಮ್ಮೆ ಸೇರಿದವು. ಮೊದಲ ಸಲ ಅಮೆರಿಕದ ಉಂಗುರ ಮುಂದೆ ಬಂದು ಹಿಡಿದಿತ್ತು, ಈ ಸಲ ಸೋವಿಯತ್ತಿನದು. ಪಾಳಿ ಬದಲಾಯಿತು, ಬಾಗಿಲು ಅದೇ.

ಆ ನೌಕೆಗಳು ವಸ್ತುಸಂಗ್ರಹಾಲಯ ಸೇರಿದವು, ಆ ಸ್ನೇಹವೂ ಹೆಚ್ಚು ದಿನ ಬಾಳಲಿಲ್ಲ. ಉಂಗುರ ಉಳಿಯಿತು. 1995ರಲ್ಲಿ ಅಮೆರಿಕದ ಅಟ್ಲಾಂಟಿಸ್ ಷಟಲ್ ರಷ್ಯಾದ ಮಿರ್ ನಿಲ್ದಾಣಕ್ಕೆ ಸೇರಿಕೊಂಡದ್ದು ಅದರ ಮಗನಂಥ ಉಂಗುರದಿಂದ. 2010ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದ ಪಾಲುದಾರ ದೇಶಗಳು ಬಾಗಿಲಿನ ನಕ್ಷೆಯನ್ನು ಸಾರ್ವಜನಿಕವಾಗಿ ಪ್ರಕಟಿಸಿದವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನ್ನ ಮಗಳು ಇಳಿಸಿಕೊಟ್ಟಿದ್ದಾಳೆ, ಶೆಡ್ಡಿನ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಒಂದೊಂದು ಕಡೆಯೂ ಹನ್ನೆರಡು ಕೊಕ್ಕೆ, ಎದುರಿನ ಕೊಕ್ಕೆಗೆ ಸಿಕ್ಕಲು ಹನ್ನೆರಡು ಹಿಡಿ. ಸ್ಪೇಸ್‌ಎಕ್ಸ್ ಆ ನಕ್ಷೆ ನೋಡಿ ತನ್ನದೇ ವಿನ್ಯಾಸ ಮಾಡಿತು, ಬೋಯಿಂಗ್ ನಾಸಾ ವಿನ್ಯಾಸವನ್ನು ಬಳಸಿತು. ಮಾರುಕಟ್ಟೆಯಲ್ಲಿ ಇಬ್ಬರೂ ಹಾವು ಮುಂಗುಸಿ. ನಿಲ್ದಾಣದ ಬಾಗಿಲಿಗೆ ಬಂದರೆ ಇಬ್ಬರೂ ಕೂರುತ್ತಾರೆ.

2025ರ ಜೂನ್ 26ರಂದು ನಮ್ಮ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದೊಳಗೆ ತೇಲಿಕೊಂಡು ಹೋದದ್ದೂ ಇದೇ ಮನೆತನದ ಬಾಗಿಲಿನಿಂದ. ಅವರ ಪ್ರಯೋಗಗಳ ಸಾಮಾನಿನಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಳಿಸಿದ ಹೆಸರುಕಾಳು, ಮೆಂತ್ಯವೂ ಇದ್ದವು, ಮೇಲೆ ಮೊಳಕೆ ಬರಿಸಿ ನೋಡುವುದಕ್ಕೆ. ಧಾರವಾಡದ ಮೆಂತ್ಯ ಆ ಹೊಸ್ತಿಲು ದಾಟಿತಲ್ಲ ಎಂದು ನಮ್ಮ ಮನೆಯಲ್ಲಿ ಎರಡು ದಿನ ಅದೇ ಮಾತು.

ಇಲ್ಲಿ ನನ್ನ ಬಾಲ್ಯದ್ದೊಂದು ಮಾತು ಬರೆಯುತ್ತೇನೆ, ವಿಷಯಾಂತರ ಎನಿಸಿದರೆ ಕ್ಷಮಿಸಿ. ನಾನು ರಾಯಚೂರು ಜಿಲ್ಲೆಯವನು. 1975ರ ಆಗಸ್ಟಿನಲ್ಲಿ ನಮ್ಮೂರ ಶಾಲೆಗೆ ಟಿವಿ ಬಂತು. ಮಾಳಿಗೆಯ ಮೇಲೆ ಹತ್ತು ಅಡಿಯ ತಟ್ಟೆ, ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ್ದು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರಿಗೆಲ್ಲ ಬೇಸಾಯ, ಆರೋಗ್ಯದ ಕಾರ್ಯಕ್ರಮ. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ನಮ್ಮ ಕಡೆ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಲ್ಲಿ, ಒಂದು ವರ್ಷ ನಡೆದ ಸೈಟ್ ಎಂಬ ಪ್ರಯೋಗ ಅದು. ಉಪಗ್ರಹ ಅಮೆರಿಕದ್ದು, ಎಟಿಎಸ್-6. ಕಾರ್ಯಕ್ರಮ, ತಟ್ಟೆ, ಟಿವಿ ನಮ್ಮವು. ನನಗೆ ಬಹಳ ವರ್ಷಗಳ ನಂತರ ತಿಳಿದದ್ದೆಂದರೆ, ಅದಕ್ಕೆ ಎರಡು ವಾರ ಮೊದಲು ಅಪೊಲೊ-ಸೋಯುಜ್ ಜೋಡಣೆಯ ಹೊತ್ತಿನಲ್ಲಿ ಅಪೊಲೊದ ಮಾತು, ಚಿತ್ರಗಳನ್ನು ಭೂಮಿಗೆ ದಾಟಿಸಲು ದುಡಿದದ್ದೂ ಅದೇ ಎಟಿಎಸ್-6. ಆಫ್ರಿಕಾದ ಮೇಲೆ ನಿಂತಿದ್ದ ಆ ಒಂದು ಉಪಗ್ರಹ ಜುಲೈನಲ್ಲಿ ಸ್ಟ್ಯಾಫರ್ಡ್-ಲಿಯೊನೊವ್ ಕೆಲಸ ಮುಗಿಸಿ, ಆಗಸ್ಟಿನಲ್ಲಿ ನಮ್ಮೂರಿನ ಶಾಲೆಗೆ ಬಂದಿತ್ತು. ವರ್ಷ ಮುಗಿದ ಮೇಲೆ ಅಮೆರಿಕದವರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು. ಟಿವಿ ಕಪ್ಪಾಯಿತು. ಜಾಲರಿಯ ತಟ್ಟೆ ಕೆಲಕಾಲ ಮಾಳಿಗೆಯ ಮೇಲಿತ್ತು. ಆಮೇಲೆ ಜವಾನನ ಮನೆಯ ಹಿತ್ತಲಿನಲ್ಲಿ ನಿಜವಾಗಿಯೂ ಕೋಳಿಗೂಡಾಯಿತು.

ಹಾಗಾಗಿ ಎರವಲು ವಸ್ತುವನ್ನು ಕೊಟ್ಟವರು ವಾಪಸ್ ಕೇಳುತ್ತಾರೆ ಎಂಬ ಪಾಠವನ್ನು ನಾನು ಹತ್ತನೇ ವಯಸ್ಸಿನಲ್ಲೇ ಕಲಿತಿದ್ದೇನೆ. 'ವಿಶ್ವವೇ ಒಂದು ಕುಟುಂಬ, ಪೈಪೋಟಿ ಬಿಡಿ' ಎಂದು ನಿಮಗೆ ಉಪದೇಶ ಮಾಡಲು ಬಂದವನಲ್ಲ. ಪೈಪೋಟಿ ಇಲ್ಲದಿದ್ದರೆ ನನ್ನ ಶೆಡ್ಡು ಇಷ್ಟು ಚೊಕ್ಕವಾಗಿ ಇರುತ್ತಿರಲಿಲ್ಲ. ಪಕ್ಕದವನು ಐದು ರೂಪಾಯಿ ಕಡಿಮೆ ಬರೆಯುತ್ತಾನೆಂದೇ ನಾನು ನೂರಕ್ಕೆ ಒಂದು ಪೀಸೂ ರಿಜೆಕ್ಟ್ ಆಗದಂತೆ ನೋಡಿಕೊಳ್ಳುವುದು. ಇನ್ನು ಕ್ರಯೋಜೆನಿಕ್ ಎಂಜಿನ್ನಿನ, ಅಂದರೆ ಅತಿ ತಣ್ಣಗಿನ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್ನಿನ, ಕಥೆಯನ್ನು ನಿಮಗೆ ಹೇಳಲು ಹೋದರೆ ಅಜ್ಜಿಗೆ ಕೆಮ್ಮಲು ಕಲಿಸಿದಂತೆ. ನಿಮ್ಮ ಆಯುಷ್ಯದ ದೊಡ್ಡ ಪಾಲು ಅದರಲ್ಲೇ ಸವೆದಿದೆ. 1991ರಲ್ಲಿ ಸೋವಿಯತ್ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ, 1992ರಲ್ಲಿ ಅಮೆರಿಕದ ನಿರ್ಬಂಧ, 1993ರಲ್ಲಿ ರಷ್ಯಾ ಮಾತು ಬದಲಿಸಿದ್ದು. ಎಂಜಿನ್ ಕೊಡುತ್ತೇವೆ, ಮಾಡುವ ವಿದ್ಯೆ ಕೊಡುವುದಿಲ್ಲ ಎಂದರು. ನಾವೇ ಮಾಡಿದ್ದು 2010ರ ಏಪ್ರಿಲಿನಲ್ಲಿ ಸೋತಿತು, 2014ರ ಜನವರಿ 5ರಂದು ಗೆದ್ದಿತು. ಇಪ್ಪತ್ತು ವರ್ಷಗಳ ಹಟ ಅದು.

2025ರ ಜುಲೈ 30ರಂದು ಅಂಥದ್ದೇ ಎಂಜಿನ್ ಇರುವ ನಮ್ಮ ರಾಕೆಟ್ಟು ಜಿಎಸ್‌ಎಲ್‌ವಿ ಶ್ರೀಹರಿಕೋಟಾದಿಂದ ಹೊತ್ತೊಯ್ದದ್ದೇನನ್ನು? ನಿಸಾರ್ ಉಪಗ್ರಹವನ್ನು. ಅದರ ಒಂದು ರೇಡಾರ್ ಅಮೆರಿಕದ್ದು, ಒಂದು ನಮ್ಮದು. ಯಾವ ಎಂಜಿನ್ ಭಾರತಕ್ಕೆ ಸಿಗಬಾರದು ಎಂದು ಅಡ್ಡ ಬಂದಿದ್ದರೋ ಅದೇ ಬಗೆಯ ಎಂಜಿನ್ನಿನ ಮೇಲೆ ತಮ್ಮ ರೇಡಾರ್ ಕೂರಿಸಲು ಅವರು ಬೆಂಗಳೂರಿಗೆ ಬಂದರು. ನನಗೆ ಇದರಲ್ಲಿ ಸೇಡು ತೀರಿದ ಸಂತೋಷವಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಇದೆ. ಆದರೆ ಟರ್ನರನ ಸಂತೋಷ ಬೇರೆ. 12 ಮೀಟರ್ ಅಗಲಕ್ಕೆ ಬಿಚ್ಚಿಕೊಳ್ಳುವ, ಕೊಡೆಯಂಥ ಅದರ ರೇಡಾರ್ ಆಂಟೆನಾ ಬಿಸಿಲಿನ ತಾಪ ತಾಳಲಾರದು ಎಂಬ ಅನುಮಾನ ಬಂದು, 2024ರಲ್ಲಿ ಅದನ್ನು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ವಾಪಸ್ ಕಳಿಸಿ, ಲೇಪನ ಮಾಡಿಸಿ, ಮತ್ತೆ ವಿಮಾನದಲ್ಲಿ ತಂದು ಕೂರಿಸಿದರಲ್ಲ, ಅದು. ಉಡಾವಣೆ ತಡವಾಯಿತು. ಆಗಲಿ. ರೀವರ್ಕಿಗೆ ಮಾಲು ವಾಪಸ್ ಬಂದಾಗ ಮುಖ ಗಂಟಿಕ್ಕದವರ ಜೊತೆ ವ್ಯವಹಾರ ಮಾಡಬಹುದು.

ನಮ್ಮ ಜನರ ಬಗ್ಗೆಯೂ ಒಂದು ಮಾತು. 2023ರ ಆಗಸ್ಟ್ 19ರಂದು ರಷ್ಯಾದ ಲೂನಾ-25 ಚಂದ್ರನಿಗೆ ಬಡಿದು ಪುಡಿಯಾಯಿತು. ನಾಲ್ಕು ದಿನ ಬಿಟ್ಟು ನಮ್ಮ ವಿಕ್ರಮ್ ಇಳಿದ. ಆ ನಾಲ್ಕು ದಿನ ನಮ್ಮ ಮೊಬೈಲುಗಳಲ್ಲಿ ಹರಿದಾಡಿದ ನಗೆಚಟಾಕಿಗಳನ್ನು ನೆನೆದರೆ ನಾಚಿಕೆಯಾಗುತ್ತದೆ. 2019ರಲ್ಲಿ ನಮ್ಮ ಲ್ಯಾಂಡರ್ ಬಿದ್ದಾಗ ಯಾರಾದರೂ ಹಾಗೆ ನಕ್ಕಿದ್ದರೆ ಸುಮ್ಮನಿರುತ್ತಿದ್ದೆವೇ?

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಇದೇಕೆ ಇಷ್ಟು ಅವಸರದ್ದು ಎಂದು ನೀವು ಕೇಳಬಹುದು. ಕಳೆದ ಕೆಲವೇ ವರ್ಷಗಳಲ್ಲಿ ನಡೆದದ್ದನ್ನು ನೋಡಿ. 2022ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅಂಟಿಕೊಂಡಿದ್ದ ಸೋಯುಜ್ ನೌಕೆಯ ತಂಪುದ್ರವ ಸೋರಿಹೋಯಿತು. ಅದರಲ್ಲಿ ಹೋಗಿದ್ದವರು ಇಬ್ಬರು ರಷ್ಯನ್ನರು, ಒಬ್ಬ ಅಮೆರಿಕನ್. ಕೆಳಗೆ ಉಕ್ರೇನಿನಲ್ಲಿ ಯುದ್ಧ. ಮೇಲೆ, ಅಮೆರಿಕದ ಫ್ರಾಂಕ್ ರೂಬಿಯೊ ಅವರ ಮೈ ಅಚ್ಚಿಗೆ ತಕ್ಕಂತೆ ಮಾಡಿದ್ದ ಆಸನದ ಹಾಸನ್ನು ಕಿತ್ತು ಸ್ಪೇಸ್‌ಎಕ್ಸ್‌ನ ನೌಕೆಯಲ್ಲಿ ಹಾಕಿಟ್ಟರು, ತುರ್ತಾದರೆ ಅದರಲ್ಲಿ ಇಳಿಯಲಿ ಎಂದು. ಇನ್ನೊಂದು ದೇಶದ ನೌಕೆ ಅದೇ ನಿಲ್ದಾಣದ ಇನ್ನೊಂದು ಬಾಗಿಲಿಗೆ ಕೂತಿದ್ದರಿಂದ ಈ ದಾರಿ ಇತ್ತು. ರಷ್ಯಾ ಖಾಲಿ ನೌಕೆಯೊಂದನ್ನು ಕಳಿಸಿತು. ಮೂವರೂ ಭೂಮಿ ಬಿಟ್ಟ 371 ದಿನಗಳ ನಂತರ ಮನೆ ಸೇರಿದರು. 2024ರಲ್ಲಿ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಬೋಯಿಂಗ್ ನೌಕೆಯಲ್ಲಿ ಹೋಗಿ, ಅದರ ಮೇಲೆ ನಂಬಿಕೆ ಹೋಗಿ, ಒಂಬತ್ತು ತಿಂಗಳ ನಂತರ ಎದುರಾಳಿ ಕಂಪನಿಯ ನೌಕೆಯಲ್ಲಿ ಇಳಿದರು.

2025ರ ನವೆಂಬರಿನಲ್ಲಿ ಚೀನಾದ ಸರದಿ. ಅವರ ನಿಲ್ದಾಣಕ್ಕೆ ಹೋಗಿದ್ದ ಶೆಂಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು, ಅಂತರಿಕ್ಷದ ಕಸ ಬಡಿದಿರಬೇಕು ಎಂದರು. ಅದರಲ್ಲಿ ಹೋಗಿದ್ದ ಮೂವರು ಹೊಸದಾಗಿ ಬಂದವರ ನೌಕೆಯಲ್ಲಿ ನವೆಂಬರ್ 14ರಂದು ಇಳಿದರು. ಹೊಸದಾಗಿ ಬಂದ ಮೂವರು, ಬದಲಿ ನೌಕೆ ಬಂದ 25ರವರೆಗೆ, ಭರವಸೆಯಿಂದ ಇಳಿಯಬಹುದಾದ ವಾಹನವಿಲ್ಲದೆ ಮೇಲಿದ್ದರು. ಹನ್ನೊಂದು ದಿನ. ಚೀನಾ ತಾನೇ ಬೇಗ ನೌಕೆ ಕಳಿಸಿತು, ಮೆಚ್ಚಬೇಕು. ಆಗ ಹೊರಗಿನ ಯಾರಾದರೂ ನೆರವಾಗಲು ಹೊರಟಿದ್ದರೆ? 2011ರಿಂದ ಅಮೆರಿಕದ ಕಾನೂನೊಂದು ಅವರ ನಾಸಾ ಚೀನಾದೊಂದಿಗೆ ನೇರ ವ್ಯವಹಾರ ಮಾಡದಂತೆ ಕಟ್ಟಿಹಾಕಿದೆ. ಚೀನಾದ ಉಂಗುರ ಕೂಡ ಸಿರೊಮ್ಯಾತ್ನಿಕೊವ್ ವಂಶದ ಕುಡಿಯೇ ಎಂದು ಬಲ್ಲವರು ಹೇಳುತ್ತಾರೆ. ಒಂದೇ ಅಜ್ಜನ ಮೊಮ್ಮಕ್ಕಳು, ಮಾತಿಲ್ಲ ಕಥೆಯಿಲ್ಲ.

ನಿಮ್ಮ ಎಂಜಿನಿಯರುಗಳು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ ಎಂದು ನನಗೆ ಗೊತ್ತು, ನ್ಯಾಯವಾದ ಆಕ್ಷೇಪ. ಬಾಗಿಲು ಒಂದೇ ಆದರೆ ಸಾಲದು, ದಾರಿಯೂ ಕೂಡಬೇಕು. ಅಂತರರಾಷ್ಟ್ರೀಯ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ ಸುಮಾರು 52 ಡಿಗ್ರಿ ಓರೆ, ಚೀನಾದ ತಿಯಾಂಗಾಂಗ್ ನಿಲ್ದಾಣದ್ದು ಸುಮಾರು 41. ಒಂದರಿಂದ ಇನ್ನೊಂದಕ್ಕೆ ತಿರುಗಲು ಬೇಕಾದಷ್ಟು ಇಂಧನ ಯಾವ ನೌಕೆಯಲ್ಲೂ ಇರುವುದಿಲ್ಲ. 2003ರಲ್ಲಿ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ 39 ಡಿಗ್ರಿಯ ಕಕ್ಷೆಯಲ್ಲಿತ್ತು, ನಿಲ್ದಾಣ ಅದರ ಕೈಗೆಟುಕುವಂತಿರಲಿಲ್ಲ. ಆ ಯಾನದಲ್ಲಿ ಜೋಡಣೆಯ ಉಂಗುರವೂ ಇರಲಿಲ್ಲ. ಒಪ್ಪಿದೆ. ಆದರೆ ನೆಲದಿಂದ ಹೊರಡುವ ಹೊಸ ನೌಕೆಗೆ ಓರೆಯನ್ನು ಆರಿಸಿಕೊಳ್ಳಲು ಒಂದಿಷ್ಟು ಅವಕಾಶವಿದೆ. ಹೋಗಿ ತಲುಪಿದ ಮೇಲೆ ಬಾಗಿಲು ಕೂರದಿದ್ದರೆ ಹೋದದ್ದು ದಂಡ. ದಾರಿಯ ಲೆಕ್ಕ ಉಡಾವಣೆಯ ದಿನ ಹಾಕಬಹುದು. ಬಾಗಿಲಿನ ಅಳತೆಯನ್ನು ಆ ದಿನ ಬದಲಾಯಿಸಲು ಬರುವುದಿಲ್ಲ, ಹತ್ತು ವರ್ಷ ಮೊದಲೇ ಗೆರೆ ಎಳೆದಿರಬೇಕು. 1970ರಲ್ಲಿ ಅಪೊಲೊ-13ರಲ್ಲಿ ಒಂದೇ ದೇಶದ, ಒಂದೇ ಯಾನದ ಎರಡು ನೌಕೆಗಳ ಗಾಳಿ ಶುದ್ಧಿಯ ಡಬ್ಬಿ ಒಂದರಲ್ಲಿ ಚೌಕ, ಇನ್ನೊಂದರಲ್ಲಿ ದುಂಡು ಆಗಿತ್ತು. ಮಾಡಿದ ಕಂಪನಿ ಬೇರೆ ಬೇರೆ. ಮೂವರ ಜೀವ ಆಗ ನಿಂತದ್ದು ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿಯ ಮೇಲೆ.

1968ರ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ನಾವೂ ಅದರಲ್ಲಿದ್ದೇವೆ. ಗಗನಯಾತ್ರಿ ಯಾರ ನೆಲದಲ್ಲಿ ಬಿದ್ದರೂ ಕಾಪಾಡಿ ಮನೆಗೆ ಕಳಿಸಬೇಕು ಎನ್ನುತ್ತದೆ. ಒಳ್ಳೆಯ ಒಪ್ಪಂದ. ಕಾಪಾಡಲು ಹೋದವನ ಉಂಗುರ ಎಷ್ಟು ಮಿಲಿಮೀಟರ್ ಇರಬೇಕೆಂದು ಅದರಲ್ಲಿ ಬರೆದಿಲ್ಲ.

ಗಗನಯಾನದಲ್ಲಿ ನಮ್ಮ ಜನ ಹೋಗುತ್ತಾರೆ. 2035ರ ಹೊತ್ತಿಗೆ ಭಾರತೀಯ ಅಂತರಿಕ್ಷ ನಿಲ್ದಾಣ ಎಂದು ಸರ್ಕಾರ ಹೇಳಿದೆ. ಅದರ ಬಾಗಿಲುಗಳ ಗೆರೆ ನಿಮ್ಮ ಮೇಜುಗಳ ಮೇಲೆ ಈಗ ಬೀಳುತ್ತಿರಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಜೊತೆ ಡಾಕಿಂಗ್ ಹೊಂದಾಣಿಕೆಯ ಬಗ್ಗೆ ಕೆಲಸ ಮಾಡಲು 2025ರ ಮೇ ತಿಂಗಳಲ್ಲಿ ಒಪ್ಪಿದ್ದೀರಿ ಎಂದು ಓದಿ ಸಮಾಧಾನವಾಯಿತು. ಆದರೆ ಒಬ್ಬೊಬ್ಬ ಬೀಗರ ಜೊತೆ ಒಂದೊಂದು ಒಪ್ಪಂದ ಮಾಡುತ್ತಾ ಹೋದರೆ ನಾಳೆ ಮುನಿಸು ಬಂದಾಗ ಒಪ್ಪಂದದ ಜೊತೆ ಅಳತೆಯೂ ಹೋಗುತ್ತದೆ. ಆದ್ದರಿಂದ ನನ್ನ ಕೋರಿಕೆ ಇಷ್ಟು. ನಮ್ಮ ಭಾರತೀಯ ಡಾಕಿಂಗ್ ವ್ಯವಸ್ಥೆಯ ಮುಖದ ನಕ್ಷೆಯನ್ನು, ಮುಖದ್ದನ್ನು ಮಾತ್ರ, ಒಳಗಿನ ಗುಟ್ಟು ಬೇಡ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಮನುಷ್ಯರು ದಾಟುವ 800 ಮಿಲಿಮೀಟರಿನ ಬಾಗಿಲು ಅಂತರರಾಷ್ಟ್ರೀಯ ಮಾನದಂಡವನ್ನು ಹೋಲುತ್ತದೆ ಎನ್ನಬೇಡಿ. ಕೂರುತ್ತದೆ ಎಂದು ಬರೆದು ಸಹಿ ಹಾಕಿ, ಕೂರದಿದ್ದರೆ ಎಲ್ಲಿ ಕೂರುವುದಿಲ್ಲ ಎಂದು ಹೇಳಿ. ಹೊಸ ಯಾವ ದೇಶದ ಜೊತೆ ಮಾನವಯಾನದ ಒಪ್ಪಂದ ಮಾಡಿಕೊಂಡರೂ, ಕಷ್ಟಕ್ಕೆ ಬಾಗಿಲು ತೆರೆಯುವ ಕಲಮು ಅದರಲ್ಲಿರಲಿ. ಆ ಕಲಮಿನಲ್ಲಿ ಚೀನಾವನ್ನು ಹೊರಗಿಡಬೇಡಿ. ಗಡಿಯಲ್ಲಿ ನಮ್ಮ ಅವರ ಲೆಕ್ಕ ಏನಿದೆಯೋ ಅದು ಇರಲಿ, ಅದನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ನಮ್ಮ ನೆಲದ ಮೊದಲ ರಾಕೆಟ್ ಹಾರಿದಾಗ ರಾಕೆಟ್ ಅಮೆರಿಕದ್ದು, ಅದರ ಮೂತಿಯಲ್ಲಿದ್ದ ಸೋಡಿಯಂ ಆವಿಯ ಪ್ರಯೋಗ ಫ್ರಾನ್ಸಿನದು. ಯಾರ ಪಕ್ಷವನ್ನೂ ಸೇರದೆ ಎಲ್ಲರಿಂದಲೂ ಅಳತೆ ಪಡೆದ ಊರು ನಮ್ಮದು. ಈಗ ಕೊಡುವ ಸರದಿ.

ಇನ್ನೊಂದು ಸಣ್ಣ ಕೋರಿಕೆ. ಆ ನಕ್ಷೆಯ ಜೊತೆಗೊಂದು ಪುಟ ಕನ್ನಡದಲ್ಲೂ ಇರಲಿ. ನಿಮ್ಮ ಬಿಡಿಭಾಗಗಳನ್ನು ಕೊರೆಯುವ ಕೈಗಳಲ್ಲಿ ಬಹಳಷ್ಟು ಕೈಗಳು ಓದುವುದು ಆ ಭಾಷೆಯನ್ನು.

ನಕ್ಷೆ ಪ್ರಕಟವಾದ ವಾರವೇ ಅಲ್ಯೂಮಿನಿಯಮ್ಮಿನಲ್ಲಿ ಆ ಉಂಗುರದ ಒಂದು ಮಾದರಿ ಮಾಡಿ, ಗೋಡೆಯ ಮೇಲಿರುವ ಅಂತರರಾಷ್ಟ್ರೀಯ ನಕ್ಷೆಯ ಅಳತೆಯ ಉಂಗುರವನ್ನೂ ಕೊರೆದು, ಒಂದರ ಮೇಲೊಂದು ಕೂರಿಸಿ ನೋಡಬೇಕೆಂದಿದ್ದೇನೆ. ನಮ್ಮ ಸುತ್ತಲ ಐಟಿಐ ಹುಡುಗರಿಗೆ ತೋರಿಸಲು. ಆದರೆ ನನ್ನ ಲೇತಿಗೆ ಅಷ್ಟು ದೊಡ್ಡ ವ್ಯಾಸ ಹಿಡಿಯುವುದಿಲ್ಲ. ಪೀಣ್ಯದ ನಮ್ಮ ಸಾಲಿನಲ್ಲಿ ಅಂಥ ಕೆಲಸ ಹಿಡಿಯುವ ವಿಟಿಎಲ್, ಅಂದರೆ ನಿಂತ ಬಗೆಯ ದೊಡ್ಡ ಲೇತು, ಇರುವುದು ಪಕ್ಕದ ಶೆಡ್ಡಿನವರ ಬಳಿ ಮಾತ್ರ. ಹೋದ ಶನಿವಾರ ಹೋಗಿ ಕೇಳಿದೆ. ಯಂತ್ರ ಕೊಡುತ್ತೇನೆ, ಕರೆಂಟ್ ಬಿಲ್ ನಿಮ್ಮದು ಎಂದಿದ್ದಾರೆ.

ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಟರ್ನರ್